ರಾಡಿ ಎಬ್ಬಿಸಿದವರು

ಮಂಗಸೂಳಿ, 1993

ಸುಗಂಧಾ,

ಜೈನ ದೀಕ್ಷೆ ತೆಗೆದುಕೊಂಡ ನಿನ್ನನ್ನು ಮಾತಾಜಿ ಎನ್ನಬೇಕು. ನನಗೆ ನಾಲಿಗೆ ಹೊರಳುವುದಿಲ್ಲ. ಮನೆಮಂದಿಯನ್ನೇ ಬಿಟ್ಟು ಊರೂರು ನಡೆಯುವ ನಿನಗೆ ಈ ಪತ್ರ ಕಳಿಸುವುದೂ ಇಲ್ಲ.

ಇವತ್ತು ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವ ಬಾಯಾರೊಬ್ಬರು ಬಂದು, ನಮ್ಮ ಕೆರೆಯ ತಳಕ್ಕೆ ಕೊಳವೆ ಇಳಿಸಿ ಉದ್ದನೆಯ ಕೆಸರಿನ ಕಂಬ ತೆಗೆದರು. ಒಂದೊಂದು ಕಾಲದ ಕೆಸರು ಅದರಲ್ಲಿ ಪದರಪದರವಾಗಿ ಕೂತಿರುತ್ತದಂತೆ. ಅಡಿಯ ಕಪ್ಪು ಪದರ, ಹೊಲ ಮಾಡಲು ಹಿರಿಯರು ಅಡವಿ ಸುಟ್ಟ ಇದ್ದಿಲಂತೆ. ಮೇಲಿನ ದಪ್ಪ ಪದರ ಕಬ್ಬಿನ ಹೊಲಗಳಿಂದ ಕೊಚ್ಚಿ ಬಂದ ಮಣ್ಣು.

"ನಾವು ಸಣ್ಣವರಿದ್ದಾಗಿಂದು ಎಲ್ಲೈತ್ರಿ, ಬಾಯಾರ?" ಎಂದು ಕೇಳಿದೆ.

ಅವರು ಮೇಲ್ತುದಿಯ ಹತ್ತಿರ ಬೆರಳಿಟ್ಟರು. "ಇಲ್ಲೈತಿ ನೋಡ್ರಿ. ಆದ್ರ ಯಾರೋ ರಾಡಿ ಎಬ್ಬಿಸ್ಯಾರ, ಪದರ ಎಲ್ಲಾ ಕಲಸಿ ಹೋಗ್ಯಾವು."

"ಅದು ನಾವ ರೀ. ನಾನು, ಸುಗಂಧಾ. ದಿನಾ ಈಜಾಕ ಬರ್ತಿದ್ವಿ."

ಸುತ್ತ ನೆರೆದ ಊರವರೆಲ್ಲ ನಕ್ಕರು. ನಾನೂ ನಗುತ್ತ, "ಹೌದಲ್ಲೇನ ಲೇ?" ಎಂದು ನಿನ್ನನ್ನು ಕೇಳುತ್ತ ಪಕ್ಕಕ್ಕೆ ತಿರುಗಿದೆ. ನಮ್ಮ ಎಮ್ಮೆ ನಿಂತಿತ್ತು.

ನಿನ್ನ
ಸಕ್ಕು