ಹಳೆಯ ಬಟ್ಟಲಿಗೇ ಹೋಗುವ ಕೈ

ತ್ರೊನ್ಹೈಮ್
ಫೆಬ್ರವರಿ ೧೯, ಭಾನುವಾರ

ಪ್ರೀತಿಯ ಸಿನ್ನೊವೆ,

ಹೇಗಿದ್ದೀಯೆ? ಬೊಡೊದಲ್ಲಿ ಸೂರ್ಯ ಮತ್ತೆ ಮುಖ ತೋರಿಸುತ್ತಿದ್ದಾನಂತೆ, ನಮಗೂ ಒಂದಿಷ್ಟು ಕಳಿಸು. ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮರೆತಿರಲಿಲ್ಲ. ನೀನು ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲ ಬೀಗ ಬದಲಿಸಿದೆಯೋ ಇಲ್ಲವೋ?" ಹೇಳಲು ಉತ್ತರ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಹಾಲ್ವರ್ ನನ್ನನ್ನು ಬಿಟ್ಟು ಕೊಲ್ಲಿಯಾಚೆ ಆ ಹೆಂಗಸಿನ ಜೊತೆ ಇರಲು ಹೋಗಿ ಒಂದು ಚಳಿಗಾಲವೇ ಕಳೆಯುತ್ತಾ ಬಂತು. ಆದರೂ ಗುರುವಾರ ಸಂಜೆ ಕೆಲಸ ಮುಗಿಸಿ ನೆಟ್ಟಗೆ ಇಲ್ಲಿಗೇ ಬರುತ್ತಾನೆ. ತನ್ನ ಕೀಲಿಯಿಂದ ಬಾಗಿಲು ತೆಗೆದು, ಬೂಟು ಬಿಚ್ಚಿ ಹಳೆಯ ಜಾಗದಲ್ಲೇ ಇಟ್ಟು, "ಅಯ್ಯೋ, ಕಾರು ತಾನೇ ಈ ಕಡೆ ತಿರುಗಿಬಿಡ್ತು ನೋಡು," ಎನ್ನುತ್ತಾನೆ. ಗುರುವಾರ ನಮ್ಮಲ್ಲಿ ವಾಫಲ್ ಮಾಡುವ ದಿನ, ನಿನಗೆ ಗೊತ್ತಲ್ಲ. ಕಂದು ಚೀಸಿನ ಜೊತೆ ಹೊಟ್ಟೆ ತುಂಬ ತಿಂದು, ಕಾಫಿ ಕುಡಿದು, ಆ ಮನೆಗೆ ಹೋಗುತ್ತಾನೆ. ಮಾರನೆಯ ದಿನವೆಲ್ಲ ನಾನು ಯಾವುದಕ್ಕೂ ಬಾರದವಳಂತೆ ಬಿದ್ದಿರುತ್ತೇನೆ. ಅವನ ಕೀಲಿ ಈ ಬಾಗಿಲಲ್ಲಿ ತಿರುಗುತ್ತಿರುವವರೆಗೆ ನಾನು ಕಾಯುವುದನ್ನು ಬಿಡುವುದಿಲ್ಲ ಎಂದೆಯಲ್ಲ, ಅದು ಸರಿ. ನನಗೆ ಸಾಕಾಗಿದೆ ಕಣೆ. ಬೇರೆ ಪದವೇ ಹೊಳೆಯುತ್ತಿಲ್ಲ.

ಇರಲಿ, ಮೊಮ್ಮಗನ ಕಥೆ ಕೇಳು. ನನ್ನ ಕೆಲಸವನ್ನು ನೀನು "ಸಂಬಳದ ಕಣ್ಣಾಮುಚ್ಚಾಲೆ" ಎಂದು ಆಡಿಕೊಳ್ಳುತ್ತೀಯಲ್ಲ, ಅಲ್ಲೇ ನಡೆದದ್ದು. ಕೂಸುಗಳ ಬುದ್ಧಿ ಬೆಳೆಯುವ ಬಗೆಯನ್ನು ನೋಡುವ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಕೂಸು ತಾಯಿಯ ತೊಡೆಯ ಮೇಲೆ, ಎದುರಿಗೆ ನಾನು, ನಡುವೆ ಬೋರಲು ಹಾಕಿದ ಎರಡು ಬಟ್ಟಲು. ಎಡ ಬಟ್ಟಲಿನಡಿ ಉಣ್ಣೆಯ ಇಲಿ ಬಚ್ಚಿಡುತ್ತೇನೆ, ಕೂಸು ಎತ್ತಿ ತೆಗೆಯುತ್ತದೆ. ಹೀಗೇ ನಾಲ್ಕೈದು ಸಲ. ಆಮೇಲೆ ಅದರ ಕಣ್ಣೆದುರಿಗೇ ಬಲ ಬಟ್ಟಲಿನಡಿ ಇಟ್ಟು, ತುಸು ಕಾಯಿಸುತ್ತೇನೆ. ಎಂಟೊಂಬತ್ತು ತಿಂಗಳ ಕೂಸು ಮತ್ತೆ ಎಡಕ್ಕೇ ಕೈ ಹಾಕುತ್ತದೆ! ತಮಾಷೆಯೆಂದರೆ, ಎಷ್ಟೋ ಕೂಸುಗಳು ಆಗ ನೋಡುತ್ತಿರುವುದು ಬಲ ಬಟ್ಟಲನ್ನೇ. ಕಣ್ಣಿಗೆ ಗೊತ್ತು, ಕೈ ಮಾತು ಕೇಳುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಮೆಲ್ಲಗೆ ಆ ಕೈಯನ್ನು ತಡೆಯಲು ಕಲಿಯುತ್ತವೆ. ಎಡಕ್ಕೆ ಚಾಚಿದ ಬೆರಳು ನಡುವೆಯೇ ನಿಂತು, ಹಿಂದೆ ಸರಿದು, ಬಲಕ್ಕೆ ಹೋಗುವುದನ್ನು ನೀನು ನೋಡಬೇಕು. ಇಷ್ಟು ವರ್ಷ ನೋಡಿಯೂ ನನಗೆ ಅದು ಹಳತಾಗಿಲ್ಲ.

ಇಂಗ್ವಿಲ್ ತನ್ನ ಐಲಿಫನನ್ನು ಮೊದಲ ಸಲ ಕರೆತಂದಾಗ ಅವನಿಗೆ ಒಂಬತ್ತು ತಿಂಗಳು. ಎಡಕ್ಕೇ ಹೋದ. ಅವಳು ಸೇರಿರುವ ಹೊಸ ತಾಯಂದಿರ ಗುಂಪಿನ ಇನ್ನೊಂದು ಕೂಸು ಅದೇ ದಿನ ಸರಿಯಾಗಿ ಬಲಕ್ಕೆ ಹೋಗಬೇಕೆ!

"ಅಮ್ಮಾ, ನಿಜ ಹೇಳು. ಇವನು ದಡ್ಡನಾ?"

"ಹುಚ್ಚು ಹುಡುಗಿ! ಇನ್ನೂ ಹಲ್ಲೇ ಸರಿಯಾಗಿ ಬಂದಿಲ್ಲ, ದಡ್ಡ ಅಂತೆ. ಅವನ ಪಾಡಿಗೆ ಬಿಡೇ."

ಮಹಾರಾಯ್ತಿ ಬಿಡಲಿಲ್ಲ. ಮನೆಯಲ್ಲಿ ಕಾಫಿ ಬಟ್ಟಲುಗಳನ್ನು ಇಟ್ಟುಕೊಂಡು ದಿನಾ ಅಭ್ಯಾಸ ಮಾಡಿಸಿದ್ದಾಳೆ, ಅದೂ ಬಲ ಬಟ್ಟಲಿನದ್ದೇ! ಹೋದ ವಾರ ಮತ್ತೆ ಬಂದರು. ನಾನು ಎಡಕ್ಕೆ ಇಲಿ ಇಟ್ಟೆ, ಐಲಿಫ್ ಗಂಭೀರವಾಗಿ ಬಲಕ್ಕೆ ಕೈ ಹಾಕಿದ. ಮತ್ತೆ ಎಡಕ್ಕಿಟ್ಟೆ, ಮತ್ತೆ ಬಲಕ್ಕೇ. ಖಾಲಿ ಬಟ್ಟಲನ್ನು ಎತ್ತಿ ಹಿಡಿದು, ಇಲಿಯನ್ನು ನಾನೇ ಕದ್ದೆನೇನೋ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದ.

"ಏನೇ ಇದು ಇಂಗ್ವಿಲ್?"

ಕಿವಿಯವರೆಗೆ ಕೆಂಪಾದಳು. "ಸ್ವಲ್ಪ ಹೇಳ್ಕೊಟ್ಟಿದ್ದೆ, ಅಮ್ಮ."

ನನಗೆ ನಗು ತಡೆಯಲಾಗಲಿಲ್ಲ. ಅವಳು ಅತ್ತುಬಿಟ್ಟಳು. "ಅಪ್ಪ ಹಾಗೆ ಮನೆ ಬಿಟ್ಮೇಲೆ, ಒಂದಾದ್ರೂ ಸರಿಯಾಗಿ ನಡೀಲಿ ಅನ್ನಿಸ್ತಿತ್ತು."

"ಇದು ಉರು ಹೊಡೆಸಿದ್ರೆ ಬರಲ್ಲ ಮಗಳೇ. ಒಳಗಿಂದ ಬೆಳೀಬೇಕು. ಕಾಯ್ಬೇಕು."

"ಕಾಯ್ಬೇಕಾ? ನೀನು ಯಾತಕ್ಕೆ ಕಾಯ್ತಿದೀಯ ಹಾಗಾದ್ರೆ, ಗುರುವಾರ ಗುರುವಾರ ವಾಫಲ್ ಮಾಡ್ಕೊಂಡು?"

ನಾನು ಬಟ್ಟಲುಗಳನ್ನು ಒರೆಸಿ ಇಟ್ಟೆ. ಮನೆಗೆ ಬಂದವಳೇ ಬೀಗದವನಿಗೆ ಫೋನ್ ಮಾಡಿದೆ. ಸೋಮವಾರ ಬಂದು ಹೊಸ ಬೀಗ ಹಾಕಿ, ಎರಡು ಕೀಲಿ ಕೊಟ್ಟು ಹೋದ. ಹೌದು ಸಿನ್ನೊವೆ, ಬದಲಿಸಿದೆ. ಈಗ ಸಮಾಧಾನವಾಯಿತಾ?

ಇವತ್ತು ತಾಯಿ ಮಗ ಇಲ್ಲೇ ಇದ್ದಾರೆ. ಐಲಿಫ್ ನಮ್ಮ ಕೂಸುಗಳೆಲ್ಲ ಮಲಗುವಂತೆ ಹೊರಗೆ ಅಂಗಳದಲ್ಲಿ ತನ್ನ ತಳ್ಳುಗಾಡಿಯಲ್ಲಿ ಮಲಗಿದ್ದಾನೆ, ಹಿಮ ಸಣ್ಣಗೆ ಬೀಳುತ್ತಿದೆ, ಉಣ್ಣೆಯ ರಾಶಿಯಲ್ಲಿ ಮೂಗೊಂದೇ ಕಾಣುತ್ತದೆ. ಬೆಳಿಗ್ಗೆ ಮೇಜಿನ ಮೇಲಿನ ಮೇಣದಬತ್ತಿಯತ್ತ ಕೈ ಚಾಚಿದ್ದ. ನಾನು ಬಾಯಿ ತೆರೆಯುವ ಮೊದಲೇ ತಾನಾಗಿ ಕೈ ತಡೆದು, ನನ್ನ ಮುಖ ನೋಡಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಇಂಗ್ವಿಲ್ ಮತ್ತೆ ಅತ್ತಳು, ಈ ಸಲ ನಗುತ್ತಾ.

ನಿನ್ನ ಮೊಣಕಾಲು ಬೇಗ ನೆಟ್ಟಗಾಗಲಿ. ಮಂಜುಗಡ್ಡೆಯ ಮೇಲೆ ಮುಳ್ಳಿನ ಬೂಟಿಲ್ಲದೆ ಓಡಾಡಬೇಡ. ಮಕ್ಕಳಿಗೆ ದೊಡ್ಡಮ್ಮನ ಮುತ್ತು, ಎಲ್ಲರೂ ಬೆಚ್ಚಗಿರಿ.

ನಿನ್ನ ಅಕ್ಕ,
ತೊರುನ್

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ನಿನಗೆ ಪೂರ್ತಿ ಹೇಳಿರಲಿಲ್ಲ. ಈ ಗುರುವಾರವೂ ಅವನು ಬಂದ. ಕೀಲಿ ತಿರುಗಲಿಲ್ಲ. ನಾನು ಬಾಗಿಲ ಒಳಗಡೆಯೇ ನಿಂತಿದ್ದೆ, ಈಗ ಹೊರಟುಹೋಗುತ್ತಾನೆ, ಮುಗಿಯಿತು ಎಂದುಕೊಂಡು. ಬೆಲ್ ಒತ್ತಿದ. ತೆರೆದೆ. "ಬೀಗ ಕೆಟ್ಟಿತ್ತಾ ತೊರುನ್?" ಎಂದ, ಬೂಟಿನ ದಾರ ಬಿಚ್ಚುತ್ತಲೇ. "ಹೂಂ, ಹೊಸದು ಹಾಕಿಸಿದೆ," ಎಂದೆ. ಇನ್ನು ಬರಬೇಡ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು ಕಣೆ, ಎಲ್ಲವೂ ಗೊತ್ತಿತ್ತು. ಆದರೆ ನನ್ನ ಕೈ ಗೋಡೆಯ ಮೊಳೆಯಿಂದ ಎರಡನೆಯ ಕೀಲಿ ತೆಗೆದು ಅವನಿಗೆ ಕೊಟ್ಟಿತು.