ಮಲಗುವಾಗ ಕಟ್ಟುವ ಗೆಜ್ಜೆ

ಫ್ರೀಮಾಂಟ್, ಗುರುವಾರ

ಸೌದಾಮಿನಿ ಟೀಚರ್‌ಗೆ ನಮಸ್ಕಾರ.

ಡ್ಯಾನ್ಸ್ ಕ್ಲಾಸಿನ ಮಕ್ಕಳನ್ನು ಗ್ರೀಸಿಗೆ ಕರೆದುಕೊಂಡು ಹೋಗುತ್ತಿದ್ದೀರಿ, ಸಂತೋಷ. ನೀವು ಕಳಿಸಿದ ಫೋಟೋ ನೋಡಿದೆ. ಹೈಡ್ರಾ ದ್ವೀಪದ ಆ ಹಳೆಯ ನಾವಿಕರ ಊರು ಚೆಂದವಿದೆ. ನೀವು ಇಳಿದುಕೊಳ್ಳುವ ಕಪ್ತಾನನ ಮನೆಯ ಬಾಗಿಲಿಂದ ಮೆಟ್ಟಿಲುಗಳು ನೇರ ಸಮುದ್ರಕ್ಕೇ ಇಳಿಯುತ್ತವೆ. ರೇಲಿಂಗು ಕಾಣಲಿಲ್ಲ.

ನಮ್ಮ ಗಾರ್ಗಿ ನಿದ್ದೆಯಲ್ಲಿ ನಡೆಯುತ್ತಾಳೆ. ಹೇಳಿದರೆ ಅವಳನ್ನು ಬಿಟ್ಟುಹೋಗುತ್ತೀರೆಂದು ಅವಳಪ್ಪ ಸುಜಯ್ ನನ್ನ ಬಾಯಿ ಮುಚ್ಚಿಸಿದ್ದರು. ನಾನೇ ಜೊತೆಗೆ ಬರುತ್ತಿದ್ದೆ. ಆದರೆ ಹೊಸ ವೀಸಾ ಬರುವ ಮುಂಚೆ ಅಮೆರಿಕ ಬಿಟ್ಟರೆ ವಾಪಸ್ ಬಿಡುತ್ತಾರೆಂಬ ಖಾತ್ರಿಯಿಲ್ಲ ಎಂದರು ಲಾಯರು.

ಅವಳ ಬ್ಯಾಗಿನಲ್ಲಿ ಬೆಳ್ಳಿಯ ಕಾಲ್ಗೆಜ್ಜೆ ಇಟ್ಟು ಕಳಿಸುತ್ತೇನೆ. ಮಲಗುವಾಗ ಕಟ್ಟಿ. ಮನೆಯಲ್ಲಿ ಆ ಸದ್ದಿಗೇ ನನಗೆ ಎಚ್ಚರವಾಗುವುದು. "ಅಮ್ಮ, ಫ್ರೆಂಡ್ಸ್ ಮುಂದೆ ಬೇಡ, ಸೋ ಎಂಬರಸಿಂಗ್" ಅನ್ನುತ್ತಾಳೆ. ಅವಳ ಮಾತು ಕೇಳಬೇಡಿ.

ಇಷ್ಟು ಬರೆದು ನಿನ್ನೆ ಲಕೋಟೆ ಅಂಟಿಸಿದ್ದೆ. ಇಂದು ಮತ್ತೆ ಒಡೆದೆ. ಬೆಳಿಗ್ಗೆ ನಾನು ಎದ್ದು ಬಂದಾಗ ಹಿತ್ತಲ ಬಾಗಿಲು ತೆರೆದಿತ್ತು. ಗಾರ್ಗಿ ಕಣ್ಣು ಬಿಟ್ಟುಕೊಂಡೇ, ನಿದ್ದೆಯಲ್ಲಿ, ಹೊಸ್ತಿಲ ಮೇಲೆ ನಿಂತಿದ್ದಳು. ಗೆಜ್ಜೆಯನ್ನು ತಾನೇ ಬಿಚ್ಚಿ, ಸದ್ದಾಗದ ಹಾಗೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ದಯವಿಟ್ಟು ಅಲ್ಲಿ ನಿಮ್ಮ ಹಾಸಿಗೆಯನ್ನು ಬಾಗಿಲಿಗೆ ಅಡ್ಡ ಹಾಕಿಕೊಳ್ಳಿ.

ನಿಮ್ಮನ್ನೇ ನಂಬಿರುವ,
ನಿರುಪಮಾ