ಯಾರ ಪೈಕಿ

ಹಾಸ್ಟೆಲ್, ಕೊಪ್ಪಳ

ಅಪ್ಪನಿಗೆ ನಮಸ್ಕಾರ,

ಫೋನಿನಲ್ಲಿ ಮಾತಾಡಿದರೆ ರೂಮಿನವರಿಗೆ ಕೇಳುತ್ತದೆ, ಅದಕ್ಕೇ ಪತ್ರ. ಕ್ಲಾಸಿನಲ್ಲಿ ಸರ್ ಒಬ್ಬೊಬ್ಬರಿಗೂ ಒಂದೊಂದು ಹೊರದೇಶದ ಸರ್‌ನೇಮ್ ಕೊಟ್ಟು ಅದರ ಮೂಲ ಹುಡುಕಿ ಬರಲು ಹೇಳಿದ್ದರು; ನನಗೆ ಲಫೆವ್ರ್ ಎಂಬ ಫ್ರೆಂಚ್ ಹೆಸರು ಬಂದಿತ್ತು. ಅದು ಕಮ್ಮಾರರ ಹೆಸರು, ಉತ್ತರ ಫ್ರಾನ್ಸಿನಲ್ಲೇ ಹೆಚ್ಚು ಅಂತ ಮ್ಯಾಪ್ ತೋರಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಸರ್ ನಮ್ಮ ನಮ್ಮ ಅಡ್ಡಹೆಸರು ಕೇಳಿದರು. ನಮ್ಮದು ಹೇಳಿದರೆ ಜಾತಿ ತಿಳಿಯುತ್ತದೆಂದು ‘ತಾವರಗೇರಾ’ ಅಂತ ಊರ ಹೆಸರು ಹೇಳಿಬಿಟ್ಟೆ.

“ತಾವರಗೇರಾದಾಗ ನಮ್ಮ ಕಾಕಾ ಅದಾನ. ನೀವು ಯಾರ ಪೈಕಿ ಅಂತ ಕೇಳ್ತೀನಿ ತಡಿಯವಾ,” ಅಂದಳು ರೂಮಿನ ಶೈಲಜಾ.

ನಿನ್ನೆ ಅವಳ ಕಾಕಾ ಅವಳಿಗೆ ಫೋನ್ ಮಾಡಿ ನಾವು ಯಾರೆಂದು ಹೇಳಿದರು. ಈಗ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಹೋದ ಸಲ ನೀನು ತಂದ ರೊಟ್ಟಿಯನ್ನು ಯಾರ್ಯಾರು ತಿಂದರು ಅಂತ ರೂಮಿನವರು ನೆನಪು ಮಾಡಿಕೊಳ್ಳುತ್ತಿದ್ದಾರೆ.

ಭಾನುವಾರ ತಿನ್ನಲು ಏನೂ ತರಬೇಡ. ನನ್ನ ಬಟ್ಟೆ, ಪುಸ್ತಕ ಹಿಡಿಸುವಂಥ ಖಾಲಿ ದೊಡ್ಡ ಚೀಲ ತಾ. ಗೇಟಿನ ಹೊರಗೇ ನಿಂತಿರು, ನಾನೇ ಬರುತ್ತೇನೆ.

ನಿನ್ನ ಮಗಳು
ರಂಜಿತಾ